ಹಳೇ ಬಿಬಿಸಿ ಮೈಕ್ರೋಗೆ ಪ್ರಿಂಟರ್: ಎಲ್ಲ ಸಾಲೂ ಒಂದರ ಮೇಲೊಂದು ಬಿದ್ದರೆ

ನಿನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಇದು ಸರಿಯಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಇಂಥದ್ದೇ ಯಂತ್ರ ಕೈಗೆ ಸಿಕ್ಕಿದವರಿಗೂ ಉಪಯೋಗವಾದೀತು.

ಯಂತ್ರ ಬಿಬಿಸಿ ಮೈಕ್ರೋ ಅನ್ನುವ ಹಳೇ ಕಂಪ್ಯೂಟರ್, ಮಾಡೆಲ್ ಬಿ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ತಂದದ್ದು. ನಮ್ಮ ದೇಶದ ಶಾಲೆಗಳಿಗೆ 1984ರಲ್ಲಿ ಶುರುವಾದ 'ಕ್ಲಾಸ್' ಅನ್ನುವ ಕಂಪ್ಯೂಟರ್ ಕಲಿಸುವ ಯೋಜನೆಯಲ್ಲಿ ಬಂದದ್ದು ಇದೇ. ನನಗೆ ಉಡುಪಿಯ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಪ್ರಿಂಟರ್ ಮಾವನ ಅಂಗಡಿಯಲ್ಲಿ ಬಿಲ್ ಹೊಡೆಯುತ್ತಿದ್ದ 9 ಪಿನ್ನಿನ ಡಾಟ್ ಮ್ಯಾಟ್ರಿಕ್ಸ್, ಅಂದರೆ ಪಿನ್ನಿನಿಂದ ಚುಕ್ಕೆ ಹೊಡೆದು ಅಕ್ಷರ ಮೂಡಿಸುವಂಥದ್ದು.

ಕೇಬಲ್ ವಿಷಯ ಬೇಗ ಮುಗಿಸುತ್ತೇನೆ. ಬಿಬಿಸಿಯ ಅಡಿಭಾಗದಲ್ಲಿ 26 ಪಿನ್ನಿನ ಪೋರ್ಟ್ ಇದೆ, ಪ್ರಿಂಟರಿನ ಹಿಂದೆ 36 ಪಿನ್ನಿನ ಸೆಂಟ್ರಾನಿಕ್ಸ್ ಅನ್ನುವ ಹಳೇ ಕಾಲದ ಪ್ರಿಂಟರ್ ಪೋರ್ಟ್. ನಡುವೆ ಚಪ್ಪಟೆ ರಿಬ್ಬನ್ ಕೇಬಲ್. ಅಂಗಡಿಯಲ್ಲಿ ಸಿಗುವ ಯುಎಸ್‌ಬಿ-ಸೆಂಟ್ರಾನಿಕ್ಸ್ ಕೇಬಲ್ ತರಬೇಡಿ. ಅದು ಹೊಸ ಕಂಪ್ಯೂಟರಿಗೆ ಹಳೇ ಪ್ರಿಂಟರ್ ಜೋಡಿಸಲಿಕ್ಕೆ ಮಾತ್ರ. ಯುಎಸ್‌ಬಿಯಲ್ಲಿ ಮಾತು ಶುರು ಮಾಡಬೇಕಾದದ್ದು ಕಂಪ್ಯೂಟರ್, ಬಿಬಿಸಿಗೆ ಯುಎಸ್‌ಬಿಯೇ ಗೊತ್ತಿಲ್ಲ. ಮಲ್ಪೆ ಕಡೆಯ ಉಪ್ಪುಗಾಳಿಗೆ ಪಿನ್ನುಗಳಲ್ಲಿ ಹಸಿರು ಕಿಲುಬು ಹಿಡಿದಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿದೆ.

ಡ್ರೈವರ್ ಬೇಡ. ಎಂಟು ತಂತಿಯಲ್ಲಿ ಒಂದು ಅಕ್ಷರ ಹೋಗುತ್ತದೆ, 'ಸ್ಟ್ರೋಬ್' ತಂತಿ "ತಗೋ" ಅನ್ನುತ್ತದೆ, ಪ್ರಿಂಟರಿನ 'ಅಕ್ನಾಲೆಜ್' ತಂತಿ "ಸಿಕ್ಕಿತು" ಅನ್ನುತ್ತದೆ. ಅಷ್ಟೇ. ಬಿಬಿಸಿಗೆ ಕೊಡುವ ಆಜ್ಞೆಗಳಲ್ಲಿ ವಿಡಿಯು 2 ಅಂದರೆ ಪ್ರಿಂಟರ್ ಆನ್, ವಿಡಿಯು 3 ಅಂದರೆ ಆಫ್.

ಈಗ ನನ್ನ ಮಂಡೆಬಿಸಿ ಮಾಡಿದ ಜಾಗ. 1ರಿಂದ 20ರವರೆಗೆ ಸಂಖ್ಯೆ ಒತ್ತಲು ಹೇಳಿದೆ. ಇಪ್ಪತ್ತೂ ಒಂದೇ ಸಾಲಿನಲ್ಲಿ, ಒಂದರ ಮೇಲೊಂದು ಬಿದ್ದು ಕಾಗದ ಹರಿಯುವಷ್ಟು ಕಪ್ಪಾಯಿತು. ಕೇಬಲ್ ಹಾಳಾಗಿದೆ ಅಂತ ಎರಡು ದಿನ ಸುಮ್ನೆ ಅದನ್ನೇ ಬಿಚ್ಚಿ ಜೋಡಿಸಿದೆ.

ಟೈಪಿಂಗ್ ಕಲಿತಿದ್ದ ಅಕ್ಕ ನೋಡಿ, "ಇದು ಟೈಪ್‌ರೈಟರಿನ ಲಿವರ್ ಅಲ್ವಾ ಮಾರಾಯ, ಅರ್ಧ ಕೆಲಸ ಮಾತ್ರ ಮಾಡಿದೆ" ಅಂದಳು. ಅಲ್ಲಿ ತಲೆಗೆ ಹೊಳೆಯಿತು. ಲಿವರ್ ಎಳೆದರೆ ಎರಡು ಕೆಲಸ ಆಗುತ್ತದೆ. ಕ್ಯಾರೇಜ್ ಸಾಲಿನ ಶುರುವಿಗೆ ಬರುತ್ತದೆ, ಕಾಗದ ಒಂದು ಸಾಲು ಮೇಲೇರುತ್ತದೆ. ಕಂಪ್ಯೂಟರಿನಲ್ಲಿ ಇವು ಬೇರೆ ಬೇರೆ ಸಂಕೇತ. 13 ಅಂದರೆ ಕ್ಯಾರೇಜ್ ರಿಟರ್ನ್: ಹೆಡ್ ಎಡಕ್ಕೆ. 10 ಅಂದರೆ ಲೈನ್ ಫೀಡ್: ಕಾಗದ ಮೇಲಕ್ಕೆ. ಬಿಬಿಸಿ ಆನ್ ಆದಾಗ 10ನ್ನು ಪ್ರಿಂಟರಿಗೆ ಹೋಗದಂತೆ ತಾನೇ ತಡೆಯುತ್ತದೆ! 13 ಸಿಕ್ಕಿದರೆ ಸಾಕು, ಕಾಗದವನ್ನು ಪ್ರಿಂಟರೇ ಏರಿಸುತ್ತದೆ ಅನ್ನುವ ಲೆಕ್ಕ. ನನ್ನ ಪ್ರಿಂಟರ್ ಹಾಗೆ ಮಾಡುವುದು ಅದರ 'ಆಟೋ ಲೈನ್ ಫೀಡ್' ಸ್ವಿಚ್ ಆನ್ ಇದ್ದರೆ ಮಾತ್ರ.

ಹಾಗಾಗಿ ಕಾಗದ ನೋಡಿಯೇ ರೋಗ ಹೇಳಬಹುದು. ಮೀಟರ್ ಹಿಡಿಯುವ ಮೊದಲು ನಾನೀಗ ಮಾಡುವುದು ಇದನ್ನೇ. ಎಲ್ಲ ಒಂದೇ ಸಾಲಿನಲ್ಲಿ ಕಪ್ಪಾಗಿದ್ದರೆ 10 ಯಾರೂ ಕೊಡುತ್ತಿಲ್ಲ. ಪ್ರತಿ ಸಾಲಿನ ಮಧ್ಯೆ ಒಂದು ಸಾಲು ಖಾಲಿ ಇದ್ದರೆ ಕಂಪ್ಯೂಟರ್, ಪ್ರಿಂಟರ್ ಇಬ್ಬರೂ ಕೊಡುತ್ತಿದ್ದಾರೆ. ಅಕ್ಷರಗಳು ಮೆಟ್ಟಿಲಿನ ಹಾಗೆ ಬಲಕ್ಕೆ ಇಳಿಯುತ್ತಾ ಹೋದರೆ 10 ಇದೆ, 13 ಇಲ್ಲ.

ಆ 'ಆಟೋ ಲೈನ್ ಫೀಡ್' ಇರುವುದು ಪ್ರಿಂಟರಿನ ಡಿಪ್ ಸ್ವಿಚ್ಚುಗಳಲ್ಲಿ (ಸೆಟ್ಟಿಂಗ್ ಬದಲಿಸುವ ಪುಟ್ಟ ಸ್ವಿಚ್ಚುಗಳು); ಅದನ್ನು ಬದಲಿಸಿ ನೋಡಿದೆ. ಏನೂ ಆಗಲಿಲ್ಲ. ಮತ್ತೆ ಕೇಬಲ್ ಮೇಲೆ ಅನುಮಾನ. ಕೊನೆಗೆ ತಿಳಿಯಿತು: ಪ್ರಿಂಟರ್ ಆ ಸ್ವಿಚ್ಚುಗಳನ್ನು ಓದುವುದು ಆನ್ ಆಗುವಾಗ ಮಾತ್ರ. ಆಫ್ ಮಾಡಿ, ಸ್ವಿಚ್ ಸರಿಸಿ, ಮತ್ತೆ ಆನ್ ಮಾಡಬೇಕು. ಮಾಡಿದೆ, ಸಾಲುಗಳು ಸರಿಯಾಗಿ ಬಂದವು.

ಆದರೂ ಸ್ವಿಚ್ಚನ್ನು ಮತ್ತೆ ಆಫ್‌ಗೇ ತಂದಿಟ್ಟೆ. ಮಾವನ ಹಳೇ ಡಾಸ್ ಕಂಪ್ಯೂಟರಿಗೂ ಇದೇ ಪ್ರಿಂಟರ್ ಬೇಕು. ಡಾಸ್ 13, 10 ಎರಡನ್ನೂ ಕಳಿಸುತ್ತದೆ, ಸ್ವಿಚ್ ಆನ್ ಇದ್ದರೆ ಬಿಲ್ಲಿನ ಉದ್ದ ಎರಡು ಪಟ್ಟು. ಆದ್ದರಿಂದ ಬಿಬಿಸಿಗೇ ಹೇಳುವುದು ವಾಸಿ: *ಎಫ್‌ಎಕ್ಸ್ 6,0. ಇದಾದ ಮೇಲೆ ಅದು 10ನ್ನು ತಡೆಯುವುದಿಲ್ಲ. ಯಂತ್ರ ಆಫ್ ಮಾಡಿದರೆ ಇದು ಅಳಿಸಿಹೋಗುತ್ತದೆ, ಅದಕ್ಕೆ ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಬರೆಯಿರಿ. ಆ ಸಾಲಿನಲ್ಲಿ ಅದರ ನಂತರ ಬೇರೇನೂ ಸೇರಿಸಬೇಡಿ. ನಕ್ಷತ್ರದಿಂದ ಶುರುವಾಗುವ ಆಜ್ಞೆ ಸಾಲಿನ ಕೊನೆವರೆಗಿನ ಎಲ್ಲವನ್ನೂ ತನ್ನದೇ ಅಂತ ತಗೊಳ್ಳುತ್ತದೆ.