ತಕ್ಕಡಿ ಒಳಗಿಡಿ, ಅಡಿಕೆ ಕೊನೆ ನೋಡಿ

ಮೇ ತಿಂಗಳು ಮುಗಿಯುತ್ತಾ ಬಂದರೆ ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ಬೆಳೆಗಾರರ ಫೋನು ಶುರು. ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸುವ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿಯ ಬಗ್ಗೆ. ಅದು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ನೀರಲ್ಲಿ ಬೆರೆಸಿದ್ದು. ಕೇಳುವುದೆಲ್ಲ ಚಿಲ್ಲರೆ ವಿಷಯ. "ಸಾರ್, ಮೈಲುತುತ್ತ ಐವತ್ತು ಗ್ರಾಂ ಜಾಸ್ತಿ ಬಿತ್ತು, ಎಂತ ಮಾಡೋದು?" "ಅಂಟು ಯಾವ ಕಂಪನಿದು ಹಾಕ್ಲಿ?" ಹೊಡೆಯುವುದು ಯಾವಾಗ ಅಂತ ನಾನು ಕೇಳಿದರೆ, "ಕೊನೆಗಾರ (ಔಷಧಿ ಹೊಡೆಯುವ ಆಳು) ಬಂದಾಗ" ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ಬೋರ್ಡೋ ಅಳತೆ ನಿಮಗೆ ಗೊತ್ತಿರುವುದೇ. ಸ್ವಲ್ಪ ಹೆಚ್ಚುಕಮ್ಮಿ ಆಯಿತಾ? ಉಜ್ಜಿದ ಕಬ್ಬಿಣದ ಚಾಕು ಅದ್ದಿ. ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ಹತ್ತದಿದ್ದರೆ ಮುಗೀತು.

ಬೋರ್ಡೋ ಕೊಳೆಯನ್ನು ವಾಸಿ ಮಾಡುವುದಿಲ್ಲ ಮಾರಾಯ್ರೆ. ಬರದಂತೆ ತಡೆಯುತ್ತದೆ, ಅಷ್ಟೇ. ಕೊಳೆಯ ಬೀಜಕಣ ನೀರಲ್ಲೇ ಈಜಿ ಕಾಯಿ ಹೊಕ್ಕುವಂಥದ್ದು. ಅದು ಬರುವ ಮೊದಲೇ ಕಾಯಿಯ ಮೇಲೆ ತಾಮ್ರದ ಪದರ ಒಣಗಿ ಕೂತಿರಬೇಕು. ಒಳಗೆ ಹೊಕ್ಕ ಮೇಲೆ ಎಷ್ಟು ಹೊಡೆದರೂ ಆ ಕಾಯಿ ಉದುರುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ಔಷಧಿಯನ್ನು ಮಲೆನಾಡಿಗೆ ತಂದರು. ಅದಕ್ಕೆ ಮೊದಲು ನಮ್ಮ ಅಜ್ಜಂದಿರು ಕೊನೆಗೆ, ಅಂದರೆ ಅಡಿಕೆ ಗೊನೆಗೆ, ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. ಮಳೆಗೆ ಮೊದಲೇ ಕಟ್ಟುತ್ತಿದ್ದರು, ಅಲ್ವಾ?

ಆಗುಂಬೆ ಕಡೆಯ ಹಿರಿಯರೊಬ್ಬರಿದ್ದಾರೆ. ಬಹಳ ಶ್ರದ್ಧೆಯವರು, ನನಗೆ ಪ್ರೀತಿ. ಔಷಧಿಯನ್ನು ಹಳೆ ಪಂಚೆಯಲ್ಲಿ ಎರಡೆರಡು ಸಲ ಸೋಸುತ್ತಾರೆ. ಆದರೂ ಕಾಯಿ ಉದುರಿತು. ಹೋಗಿ ನೋಡಿದೆ. ಕೊನೆಯ ಮುಂದಿನ ಕಾಯಿಗಳೆಲ್ಲ ತಿಳಿ ನೀಲಿ. ಕೊನೆ ಇಳಿಸಿ ತಿರುಗಿಸಿದರೆ ಮರದ ಕಡೆಗಿದ್ದ ಕಾಯಿಗಳಲ್ಲಿ ಔಷಧಿಯ ಹನಿಯೂ ಇಲ್ಲ. ತೊಟ್ಟಿನ ಹತ್ತಿರ ನೀರಲ್ಲಿ ನೆನೆದಂಥ ಕಡುಹಸಿರು ಕಲೆ. ನೆಲದಿಂದ ದೋಟಿಯಲ್ಲಿ ಹೊಡೆಯುವವರು ಒಂದೇ ಬದಿಗೆ ಹೊಡೆದು ಹೋಗಿದ್ದರು. ಸೋಸುವಾಗ ಎದುರು ನಿಂತವರು ಹೊಡೆಯುವಾಗ ಮನೆಯೊಳಗೆ ಇದ್ದರು.

ಹಾಗಾಗಿ ಹೊಡೆಯುವ ದಿನ ತೋಟದಲ್ಲಿ ಇರಿ. ಕೊನೆಯ ಸುತ್ತ ತಾಗಿದೆಯಾ ನೋಡಿ. ಉದುರಿದ ಕಾಯಿ ಆರಿಸಿ ತೋಟದಿಂದ ಹೊರಗೆ ಹಾಕಿ. ಮೊದಲನೇ ಸಿಂಪಡಣೆ ಮುಂಗಾರು ಹಿಡಿಯುವ ಮೊದಲು, ಎರಡನೆಯದು 40–45 ದಿನಕ್ಕೆ. ಮಳೆ ಬಿಡದಿದ್ದರೆ ಮೂರನೆಯದೂ ಬೇಕಾಗಬಹುದು. ಅದನ್ನು ತೋಟ ನೋಡದೆ ಫೋನಿನಲ್ಲಿ ಹೇಳಲಾರೆ. ಕೊನೆಗಾರರಿಗೆ ಮಾತ್ರ ಈಗಲೇ ಹೇಳಿಡಿ.