ಗಿಡ್ಡ ನಳಿಗೆಯ ರಿವಾಲ್ವರಿಗೆ ಯಾವ ತೋಟೆ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವ. ಅಡಿಕೆ ತೋಟದ ನಡುವೆ ಒಂಟಿ ಮನೆ. ಅಪ್ಪನ ಕಾಲದ .32 ರಿವಾಲ್ವರ್ ಈಗ ನನ್ನ ಲೈಸೆನ್ಸಿಗೆ ಬಂದಿದೆ, ನಳಿಗೆ ಗಿಡ್ಡ. ಯೂಟ್ಯೂಬಿನಲ್ಲಿ ಎಲ್ಲರೂ ಹಾಲೋ ಪಾಯಿಂಟ್ ಹಾಕಿ ಅಂತಾರೆ. ಆತ್ಮರಕ್ಷಣೆಗೆ ಯಾವ ತೋಟೆ ಒಳ್ಳೆಯದು?

ಉತ್ತರ: ಸಾದಾ ತೋಟೆಯೇ ಸಾಕು. .32 ಎಸ್ ಅಂಡ್ ಡಬ್ಲ್ಯು (ಸ್ಮಿತ್ ಅಂಡ್ ವೆಸನ್) ಲಾಂಗ್, ಉರುಟು ಮೂತಿಯ ಸೀಸದ ಗುಂಡು, ಹೊಸ ಪೆಟ್ಟಿಗೆ. ಲೈಸೆನ್ಸ್ ಇರುವ ಅಂಗಡಿಯಲ್ಲಿ ವ್ಯಾಡ್‌ಕಟರ್ ಸಿಕ್ಕಿದರೆ ಅದೂ ಆಗುತ್ತದೆ. ಹಾಲೋ ಪಾಯಿಂಟ್ ಹುಡುಕಿಕೊಂಡು ಊರೂರು ಅಲೆಯಬೇಡಿ.

ಯಾಕೆ ಅಂದರೆ, ನೀವು ನೋಡಿದ ವಿಡಿಯೋಗಳು ಅಮೆರಿಕದವು. ಅಲ್ಲಿ ಗಿಡ್ಡ ರಿವಾಲ್ವರ್ ಅಂದರೆ ಹೆಚ್ಚಾಗಿ .38 ಸ್ಪೆಷಲ್. 1927ರ ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್, 1950ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್ ಚೀಫ್ಸ್ ಸ್ಪೆಷಲ್, ಇಂಥವು. .38 ಸ್ಪೆಷಲ್ ಗುಂಡಿನ ತೂಕ ಸಾಮಾನ್ಯವಾಗಿ 158 ಗ್ರೇನ್, ಅಂದರೆ ಸುಮಾರು 10 ಗ್ರಾಂ. ನಮ್ಮ .32 ಲಾಂಗ್ ಗುಂಡು 98 ಗ್ರೇನ್, 6 ಗ್ರಾಂ ಚಿಲ್ಲರೆ. ವೇಗ ಸೆಕೆಂಡಿಗೆ ಹೆಚ್ಚು ಕಡಿಮೆ 215 ಮೀಟರ್, ಅದೂ ಉದ್ದ ನಳಿಗೆಯಲ್ಲಿ. ಹಾಲೋ ಪಾಯಿಂಟ್ ಅಂದರೆ ಮೂತಿಯಲ್ಲಿ ಗುಳಿ ಇರುವ ಗುಂಡು. ತಾಗಿದ ಮೇಲೆ ಆ ಗುಳಿ ಅರಳಬೇಕು, ಅರಳಲಿಕ್ಕೆ ವೇಗ ಬೇಕು. ಗಿಡ್ಡ ನಳಿಗೆಯಲ್ಲಿ ಮದ್ದು ಪೂರ್ತಿ ದೂಡುವ ಮೊದಲೇ ಗುಂಡು ಹೊರಗೆ ಬಿದ್ದಿರುತ್ತದೆ. ಎದುರಿನವನ ಬಟ್ಟೆಯ ನೂಲು ಗುಳಿಯಲ್ಲಿ ತುಂಬಿಕೊಂಡರಂತೂ ಅದು ಸಾದಾ ಗುಂಡಿನ ಹಾಗೆಯೇ ಹೋಗುತ್ತದೆ. .38ರಲ್ಲೇ ಇದು ದೊಡ್ಡ ತಲೆನೋವು, ಅದಕ್ಕೇ ಗಿಡ್ಡ ನಳಿಗೆಗೆಂದು ಬೇರೆ ತೋಟೆ ಮಾಡುವ ಕಂಪನಿಗಳಿವೆ. .32 ಲಾಂಗಿನಲ್ಲಿ ಗುಂಡು ಅರಳುತ್ತದೆ ಅಂತ ನಂಬಿ ಕೂರುವ ಹಾಗೇ ಇಲ್ಲ.

1986ರಲ್ಲಿ ಮಯಾಮಿಯಲ್ಲಿ ನಡೆದ ಒಂದು ಗುಂಡಿನ ಕಾಳಗದ ನಂತರ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯವರು ಮೈಮಾಂಸದ ಬದಲಿಗೆ ಜೆಲಾಟಿನ್ ಗಟ್ಟಿಗೆ ಗುಂಡು ಹೊಡೆದು ಅಳೆಯುವ ಕ್ರಮ ತಂದರು. 12ರಿಂದ 18 ಇಂಚು ಒಳಗೆ ಹೋಗಬೇಕು ಅನ್ನುವುದು ಅವರ ಲೆಕ್ಕ. ಸಣ್ಣ ತೋಟೆಯಲ್ಲಿ ಗುಂಡು ಅರಳಿದರೆ ಆಳ ಸಾಲದು, ಅರಳದಿದ್ದರೆ ಅದು ಸಾದಾ ಗುಂಡೇ. ಹಾಗಾಗಿ ಸುಮ್ನೆ ದುಡ್ಡು ಜಾಸ್ತಿ ಕೊಡುವುದು ಯಾಕೆ ಅಲ್ವಾ? ತಮಾಷೆ ಏನು ಅಂದರೆ, ಅರಳುವ ಗುಂಡಿಗೆ ಲೋಕಕ್ಕೆಲ್ಲ ಹೆಸರು ಕೊಟ್ಟಿದ್ದು ಕೋಲ್ಕತ್ತದ ಪಕ್ಕದ ಡಂ ಡಂ ಕಾರ್ಖಾನೆ. 1899ರಲ್ಲಿ ಹೇಗ್‌ನಲ್ಲಿ ಸೇರಿದ ದೇಶಗಳು ಯುದ್ಧದಲ್ಲಿ ಅಂಥ ಗುಂಡು ಬೇಡ ಅಂತ ತೀರ್ಮಾನ ಮಾಡಿದವು.

ವ್ಯಾಡ್‌ಕಟರ್ ಅಂದೆನಲ್ಲ, ಅದು ಮೂತಿ ಚಪ್ಪಟೆ ಇರುವ ಗುಂಡು. ಶೂಟಿಂಗ್ ಸ್ಪರ್ಧೆಯವರು .32ರಲ್ಲಿ ಅದನ್ನೇ ಬಳಸುತ್ತಾರೆ. ಕಾಗದದಲ್ಲಿ ಪಂಚ್ ಹಾಕಿದ ಹಾಗೆ ಚೊಕ್ಕ ತೂತು ಬೀಳುತ್ತದೆ, ಕೈಗೆ ಒದೆತ ಕಡಿಮೆ. ಆದರೆ ಗಡಿಬಿಡಿಯಲ್ಲಿ ತುಂಬಲು ಕಷ್ಟ, ಚಪ್ಪಟೆ ಮೂತಿ ಸಿಲಿಂಡರಿನ ತೂತಿನ ಅಂಚಿಗೆ ತಾಗಿ ನಿಲ್ಲುತ್ತದೆ.

ಇನ್ನು ನಿಜವಾಗಿ ಎಡವಟ್ಟಾಗುವ ಜಾಗಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಬರೀ ".32 ಕೊಡಿ" ಅನ್ನಬೇಡಿ. .32 ಲಾಂಗ್ ಬೇರೆ, .32 ಎಸಿಪಿ ಬೇರೆ. ಎಸಿಪಿ ಪಿಸ್ತೂಲಿನದು, ಅಶನಿ ಪಿಸ್ತೂಲಿಗೆ ಹಾಕುವುದು ಅದನ್ನೇ. ಕಾನ್ಪುರದಲ್ಲಿ ಮಾಡುವ .32 ರಿವಾಲ್ವರಿಗೂ 2014ರಲ್ಲಿ ಬಂದ ನಿರ್ಭೀಕ ರಿವಾಲ್ವರಿಗೂ ಲಾಂಗ್ ಬೇಕು. ಎಸಿಪಿ ಗಿಡ್ಡ, ಕೆಲವು ರಿವಾಲ್ವರುಗಳಲ್ಲಿ ಸಲೀಸಾಗಿ ಒಳಗೂ ಇಳಿಯುತ್ತದೆ, ಆದರೆ ಅದರ ಒತ್ತಡ ಜಾಸ್ತಿ. ಅಪ್ಪನ ಕಾಲದ ಕೋವಿಗೆ ಅದು ಖಂಡಿತ ಬೇಡ. ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ: ಲಾಂಗಿನ ಹಿತ್ತಾಳೆ ಉದ್ದ, ತಳದ ಅಂಚು ಸುತ್ತಲೂ ಎದ್ದು ಕಾಣುತ್ತದೆ. ಎಸಿಪಿಯ ಅಂಚು ಬೆರಳಿಗೆ ಸಿಕ್ಕಿತೋ ಇಲ್ಲವೋ ಅನ್ನುವಷ್ಟು. ತಳದಲ್ಲಿ ಕೆಎಫ್ ಅಂತ ಕೊರೆದಿದ್ದರೆ ಅದು ಪುಣೆಯ ಖಡ್ಕಿ ಕಾರ್ಖಾನೆಯ ಮಾಲು.

ಅಪ್ಪನ ತೋಟೆಗಳೂ ಉಳಿದಿರಬಹುದು. ಅವನ್ನು ನಂಬಬೇಡಿ. ನಮ್ಮ ಮಳೆಗಾಲ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟ ತೋಟೆಗಂತೂ ಹಸಿರು ಕಿಲುಬು ಹಿಡಿಯುತ್ತದೆ. ಎಣ್ಣೆ ಒರೆಸಿದರೆ ಇನ್ನೂ ಕಷ್ಟ, ಎಣ್ಣೆ ತೋಟೆಯ ತಳದಲ್ಲಿ ಕಿಡಿ ಕೊಡುವ ಕೇಪಿನೊಳಗೆ ಇಳಿದು ಈಡು ಹಾರದೆ ಹೋಗಬಹುದು. ಹೊಸದನ್ನು ಬಿಗಿ ಮುಚ್ಚಳದ ಒಣ ಡಬ್ಬದಲ್ಲಿಡಿ.

ತಂದದ್ದನ್ನು ರೇಂಜಿನಲ್ಲಿ ಹೊಡೆದು ನೋಡದೆ ಮನೆಯಲ್ಲಿ ಇಟ್ಟುಕೊಳ್ಳುವುದರಲ್ಲಿ ಅರ್ಥ ಇಲ್ಲ. ಗುಂಡಿನ ತೂಕ ಬದಲಾದರೆ ತಾಗುವ ಜಾಗವೂ ಬದಲಾಗುತ್ತದೆ, ಭಾರದ ಗುಂಡು ಸಾಮಾನ್ಯವಾಗಿ ಮೇಲೆ ತಾಗುತ್ತದೆ, ಮತ್ತು ಇಂಥ ರಿವಾಲ್ವರಿನ ಗುರಿಮೊಳೆಯನ್ನು ಆಚೀಚೆ ಸರಿಸಲಿಕ್ಕೆ ಬರುವುದಿಲ್ಲ. ಅಭ್ಯಾಸದಲ್ಲಿ "ಟಿಕ್" ಅಂದು ಈಡು ಹಾರದಿದ್ದರೆ ಮೂತಿ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿರಿ. ಕೂಡಲೇ ಇನ್ನೊಮ್ಮೆ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗುತ್ತದೆ, ಆಗ ಆ ತೋಟೆ ತಡವಾಗಿ ಹಾರಿದರೆ ಅದರ ಎದುರು ನಳಿಗೆಯೇ ಇರುವುದಿಲ್ಲ. "ಪುಸ್" ಅಂತ ಸಣ್ಣ ಶಬ್ದ ಬಂದರೆ ಅಲ್ಲಿಗೇ ನಿಲ್ಲಿಸಿ, ರಿವಾಲ್ವರ್ ಖಾಲಿ ಮಾಡಿ ನಳಿಗೆ ನೋಡಿ. ಗುಂಡು ಒಳಗೇ ಸಿಕ್ಕಿಕೊಂಡಿರಬಹುದು.

ಉರುಟು ಮೂತಿಯ ಗುಂಡಿಗೆ ಒಂದು ಕೆಟ್ಟ ಗುಣ ಇದೆ, ತಾಗಿದ್ದನ್ನು ದಾಟಿ ಆಚೆ ಹೋಗಬಹುದು. ಮುರಕಲ್ಲಿನ ಗೋಡೆ ತಡೆದೀತು. ಹಲಗೆ ಬಾಗಿಲು, ಶೀಟಿನ ಮರೆ, ಕಿಟಕಿ ತಡೆಯುವುದಿಲ್ಲ. ಮನೆಯವರು ಎಲ್ಲಿ ಮಲಗುತ್ತಾರೆ, ಅಂಗಳದ ಆಚೆ ಯಾರ ಮನೆ ಇದೆ ಅನ್ನುವುದನ್ನು ಹಗಲಿನಲ್ಲೇ ನೋಡಿಟ್ಟುಕೊಳ್ಳಿ.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ತನಕದ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಅದರಲ್ಲಿಲ್ಲ. ಅಡಿಕೆ ಕದ್ದು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಜೈಲಿಗೆ ಹೋಗುವವರು ನೀವು. ಹಂದಿಗೂ ಇದೇ ಸಾಕಾ ಅಂತ ಕೇಳುವವರಿದ್ದಾರೆ. ಸಾಕಾಗುವುದಿಲ್ಲ, ಗಾಯಗೊಂಡ ಹಂದಿ ತಿರುಗಿ ಬರುತ್ತದೆ. ಕಾಡುಹಂದಿಯ ವಿಷಯ ಪಂಚಾಯತಿನಲ್ಲಿ ಕೇಳಿ. 2022ರಿಂದ ಕೇರಳದಲ್ಲಿ ಹೊಡೆಯಲು ಅನುಮತಿ ಕೊಡುವ ಅಧಿಕಾರ ಸ್ಥಳೀಯ ಸಂಸ್ಥೆಯ ಅಧ್ಯಕ್ಷರಿಗಿದೆ, ನಿಮ್ಮ ರಿವಾಲ್ವರ್ ಲೈಸೆನ್ಸಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು, ನೀವು ಕೇಳದಿದ್ದರೂ ಹೇಳಬೇಕು. ನಮಗೆ ಸಾರಡ್ಕ ದಾಟಿ ವಿಟ್ಲ, ಪುತ್ತೂರಿಗೆ ಹೋಗುವುದು, ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗುವುದು ದಿನದ ಮಾತು. ಗಡಿ ಅಂತ ನೆನಪೇ ಇರುವುದಿಲ್ಲ. ಆದರೆ ಲೈಸೆನ್ಸಿನಲ್ಲಿ ಅದು ಎಲ್ಲಿಯವರೆಗೆ ನಡೆಯುತ್ತದೆ ಅಂತ ಬರೆದಿರುತ್ತದೆ. ಕೇರಳ ಮಾತ್ರ ಅಂತಿದ್ದರೆ ಸಾರಡ್ಕದ ಆಚೆ ಆ ರಿವಾಲ್ವರ್ ಲೈಸೆನ್ಸ್ ಇಲ್ಲದ ಕೋವಿಗೆ ಸಮ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮರೆತುಹೋದ ಒಂದೇ ಒಂದು ತೋಟೆಯೂ ಕೇಸಾಗುತ್ತದೆ. ಹೊರಡುವ ಮೊದಲು ಡ್ಯಾಶ್‌ಬೋರ್ಡ್, ಚೀಲ, ಅಂಗಿಯ ಕಿಸೆ ಎಲ್ಲ ನೋಡಿಕೊಳ್ಳಿ.