ಮ್ಯಾಗ್ನೆಟೊ ತಿರುಗಿಸುವ ಮೊದಲು ಒಳಗೆ ನೋಡಿ

ಸಣ್ಣ ಪಿಸ್ಟನ್ ವಿಮಾನಗಳ ಮಾಲೀಕರು ನನ್ನ ಬಳಿ ತರುವ ದೂರುಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: “ಟೈಮಿಂಗ್ ಹಿಂದೆ ಬಿದ್ದಿತ್ತು, ಮ್ಯಾಗ್ನೆಟೊವನ್ನು ಚೂರು ತಿರುಗಿಸಿ ಸರಿ ಮಾಡಿದೆವು, ಆದರೂ ಸ್ಟಾರ್ಟ್ ಆಗಲು ಸತಾಯಿಸುತ್ತದೆ.” ಮ್ಯಾಗ್ನೆಟೊ ಎಂದರೆ ಎಂಜಿನ್‌ನ ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಒದಗಿಸುವ ಪೆಟ್ಟಿಗೆ, ಟೈಮಿಂಗ್ ಎಂದರೆ ಆ ಕಿಡಿ ಹಾರುವ ಹೊತ್ತು. ಹಾಗೆ ಚೂರು ತಿರುಗಿಸುವುದೇ ಎಷ್ಟೋ ಸಲ ನಿಜವಾದ ದೋಷವನ್ನು ಮರೆಮಾಡುತ್ತದೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ಟೈಮಿಂಗ್ ಒಂದಲ್ಲ, ಎರಡು. ಮೊದಲನೆಯದು ಎಲ್ಲರಿಗೂ ಗೊತ್ತು: ಪಿಸ್ಟನ್ ತುತ್ತತುದಿ ಮುಟ್ಟುವುದಕ್ಕೆ ಇಂತಿಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕು. ಲೈಕಮಿಂಗ್‌ನ ಹಲವು ನಾಲ್ಕು ಸಿಲಿಂಡರ್ ಎಂಜಿನ್‌ಗಳಲ್ಲಿ ಅದು 25, ಕೆಲವದರಲ್ಲಿ 20. ನಿಮ್ಮದು ಎಷ್ಟೆಂಬುದನ್ನು ಡೇಟಾ ಪ್ಲೇಟ್ ನೋಡಿಯೇ ತಿಳಿಯಬೇಕು, ನೆನಪನ್ನು ನಂಬಬಾರದು. ಎರಡನೆಯದು ಮ್ಯಾಗ್ನೆಟೊದ ಹೊಟ್ಟೆಯೊಳಗಿದೆ. ತಿರುಗುವ ಅಯಸ್ಕಾಂತವು ತನ್ನ ತಟಸ್ಥ ಸ್ಥಾನವನ್ನು ದಾಟಿ ಕೆಲವೇ ಡಿಗ್ರಿ ಮುಂದೆ ಹೋದಾಗ ಪ್ರೈಮರಿ ಕಾಯಿಲ್‌ನಲ್ಲಿ ವಿದ್ಯುತ್ ಪ್ರವಾಹ ಗರಿಷ್ಠ ಮಟ್ಟದಲ್ಲಿರುತ್ತದೆ. ಆ ಕೋನವನ್ನು ನಾವು ಇ-ಗ್ಯಾಪ್ ಎನ್ನುತ್ತೇವೆ. ಆ ಪ್ರವಾಹವನ್ನು ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್, ಅಂದರೆ ಪಾಯಿಂಟ್‌ಗಳು, ಅಲ್ಲಿಯೇ ತೆರೆದರೆ ಕಿಡಿಗೆ ಬಲ ಬರುತ್ತದೆ, ಅದರ ಮುಂಚೆಯೋ ಆಮೇಲೋ ತೆರೆದರೆ ಕಿಡಿ ಸೊರಗುತ್ತದೆ.

ಈಗ ಕ್ಯಾಮ್ ಫಾಲೋವರ್, ಅಂದರೆ ತಿರುಗುವ ಕ್ಯಾಮ್‌ಗೆ ಒರಗಿ ಪಾಯಿಂಟ್‌ಗಳನ್ನು ತೆರೆಯುವ ತುಂಡು, ಸವೆದಿದೆ ಎನ್ನಿ. ಪಾಯಿಂಟ್‌ಗಳು ತಡವಾಗಿ ತೆರೆಯುತ್ತವೆ, ಎಂಜಿನ್ ಟೈಮಿಂಗ್ ಹಿಂದೆ ಬೀಳುತ್ತದೆ. (ಪಾಯಿಂಟ್‌ಗಳ ಮುಖವೇ ಸವೆದರೆ ಆಗುವುದು ಇದಕ್ಕೆ ತದ್ವಿರುದ್ಧ.) ನೀವು ಮ್ಯಾಗ್ನೆಟೊವನ್ನು ಎಂಜಿನ್‌ಗೆ ಕೂರಿಸುವ ಫ್ಲ್ಯಾಂಜ್ ಮೇಲೆ ತಿರುಗಿಸುತ್ತೀರಿ, ಟೈಮಿಂಗ್ ಲೈಟ್ ಸರಿಯಾಗಿ 25ಕ್ಕೆ ಸೂಚನೆ ಕೊಡುತ್ತದೆ, ನೀವು ಸಮಾಧಾನದಿಂದ ನಟ್ ಬಿಗಿಯುತ್ತೀರಿ. ಆದರೆ ನೀವು ತಿರುಗಿಸಿದ್ದು ಇಡೀ ಪೆಟ್ಟಿಗೆಯನ್ನು. ಒಳಗೆ ಪಾಯಿಂಟ್‌ಗೂ ಅಯಸ್ಕಾಂತಕ್ಕೂ ಇರುವ ಸಂಬಂಧ ಕೂದಲೆಳೆಯಷ್ಟೂ ಬದಲಾಗಿಲ್ಲ. ಈಗ ಹೊತ್ತಿಗೆ ಸರಿಯಾಗಿ ಹಾರುತ್ತಿರುವುದು ಸೊರಗಿದ ಕಿಡಿ. ವೇಗವಾಗಿ ಓಡುವ ಎಂಜಿನ್‌ನಲ್ಲಿ ಅದು ಬೇಗ ಗಮನಕ್ಕೆ ಬರುವುದಿಲ್ಲ, ಸ್ಟಾರ್ಟರ್ ನಿಧಾನವಾಗಿ ತಿರುಗಿಸುವಾಗ ಬರುತ್ತದೆ.

ಒಮ್ಮೆ ನನ್ನ ಮುಂದಿದ್ದ ಎಂಜಿನ್‌ನ ಎಡ ಮ್ಯಾಗ್ನೆಟೊದ ಫ್ಲ್ಯಾಂಜ್ ಮೇಲೆ ಕ್ಲ್ಯಾಂಪ್ ಒತ್ತಿದ ಮೂರು ಹೊಳಪಿನ ಗುರುತುಗಳು ಒಂದರ ಪಕ್ಕ ಒಂದು ಇದ್ದವು, ಮೂರು ಬಾರಿ ತಿರುಗಿಸಿದ್ದಕ್ಕೆ ಮೂರು ಸಾಕ್ಷಿಗಳು. ಕವರ್ ತೆಗೆದರೆ ಕ್ಯಾಮ್ ಮೇಲಿನ ಗ್ರೀಸ್ ಒಣಗಿ ಕಂದು ಪುಡಿಯಾಗಿತ್ತು, ಫಾಲೋವರ್‌ನ ಹಿಮ್ಮಡಿ ಚಪ್ಪಟೆಯಾಗಿತ್ತು. ಮಾಲೀಕರು ಬಹಳ ಶ್ರದ್ಧೆಯ ಮನುಷ್ಯ, ಒಂದು ಹಾರಾಟವನ್ನೂ ಲಾಗ್‌ಬುಕ್‌ನಲ್ಲಿ ಬರೆಯದೆ ಬಿಟ್ಟವರಲ್ಲ. ಆದರೂ 500 ಗಂಟೆಗೊಮ್ಮೆ ಮಾಡಬೇಕಾದ ಒಳ ತಪಾಸಣೆ ಅವರಿಂದ ತಪ್ಪಿಹೋಗಿತ್ತು.

ಮ್ಯಾಗ್ನೆಟೊವನ್ನು ತಿರುಗಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಕೈಪಿಡಿ ಒಪ್ಪುವಷ್ಟು ಸಣ್ಣ ಹೊಂದಾಣಿಕೆ ತಪ್ಪಲ್ಲ, ಆದರೆ ಎರಡನೇ ಬಾರಿ ತಿರುಗಿಸಬೇಕಾಗಿ ಬಂದರೆ ಒಳಗೆ ಏನೋ ಸವೆಯುತ್ತಿದೆ ಎಂದೇ ತಿಳಿಯಿರಿ. ಮ್ಯಾಗ್ ಚೆಕ್‌ನಲ್ಲಿ (ಒಂದೊಂದೇ ಮ್ಯಾಗ್ನೆಟೊ ಮೇಲೆ ಎಂಜಿನ್ ಓಡಿಸಿ ನೋಡುವ ಪರೀಕ್ಷೆಯಲ್ಲಿ) ಕಾಣುವ ಪ್ರತಿ ಆರ್‌ಪಿಎಂ ಇಳಿಕೆಯನ್ನೂ ಟೈಮಿಂಗ್ ತಲೆಗೆ ಕಟ್ಟಬೇಡಿ: ನಡುಗುತ್ತ ಇಳಿದರೆ ಸಾಮಾನ್ಯವಾಗಿ ಪ್ಲಗ್ ಅಥವಾ ಅದರ ತಂತಿ (ಲೀಡ್) ಕಾರಣ, ನಯವಾಗಿ ಹೆಚ್ಚು ಇಳಿದರೆ ಟೈಮಿಂಗ್ ಅಥವಾ ಅತಿ ರಿಚ್ ಆದ (ಇಂಧನ ಹೆಚ್ಚಾದ) ಮಿಶ್ರಣ ಕಾರಣವಿರಬಹುದು. ಆರ್‌ಪಿಎಂ ಒಂದಿಷ್ಟೂ ಇಳಿಯದಿದ್ದರೆ ಸಂತೋಷಪಡಬೇಡಿ. ಸ್ವಿಚ್ ಆಫ್ ಮಾಡಿದಾಗ ಮ್ಯಾಗ್ನೆಟೊವನ್ನು ಸುಮ್ಮನಾಗಿಸುವ ತಂತಿ, ಅಂದರೆ ಪಿ-ಲೀಡ್, ತುಂಡಾಗಿ, ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೊ ಜೀವಂತವಾಗಿರಬಹುದು. ಅದನ್ನು ಪರೀಕ್ಷಿಸಿ ಖಚಿತಪಡಿಸಿಕೊಳ್ಳುವವರೆಗೆ ಪ್ರೊಪೆಲ್ಲರ್‌ಗೆ ಕೈ ಹಚ್ಚಬೇಡಿ.